ಫಲಕಕ್ಕೆ ಮೊದಲು ಒಂದು ವಾಚನ ಕೊಡಿ

ಇವರಿಗೆ,
ನಾಟಕ ರಚನೆ ಹಾಗೂ ಕಿರುಚಿತ್ರ ಸ್ಕ್ರಿಪ್ಟ್ ಸ್ಪರ್ಧೆಗಳ ಸಂಘಟಕರು, ತೀರ್ಪುಗಾರರು ಮತ್ತು ಪ್ರಾಯೋಜಕರು,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳು.

ವಿಷಯ: ಹೊಸ ಬರಹಗಾರರ ನಾಟಕ, ಕಿರುಚಿತ್ರದ ಸ್ಕ್ರಿಪ್ಟ್‌ಗಳನ್ನು ನಡೆಸಿಕೊಳ್ಳುತ್ತಿರುವ ರೀತಿಯ ಬಗ್ಗೆ.

ಮಾನ್ಯರೇ,

ವರ್ಷಕ್ಕೆ ಒಂದೆರಡು ಸಲ ನಿಮ್ಮಲ್ಲಿ ಯಾರಾದರೊಬ್ಬರ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲೋ ವಾಟ್ಸಾಪಿನಲ್ಲೋ ಕಾಣಿಸುತ್ತದೆ: ಉದಯೋನ್ಮುಖ ಬರಹಗಾರರಿಂದ ಏಕಾಂಕ ನಾಟಕ, ಕಿರುಚಿತ್ರದ ಸ್ಕ್ರಿಪ್ಟ್ ಆಹ್ವಾನಿಸಲಾಗಿದೆ. ಬರೆಯುವವರು ಬರೆದು ಕಳಿಸುತ್ತಾರೆ. ಫಲಿತಾಂಶ ಬರುತ್ತದೆ. ಮೂವರಿಗೆ ಶಾಲು, ಹಾರ, ಫಲಕ, ಒಂದು ಫೋಟೊ. ಬಹುಮಾನ ಬಂದ ನಾಟಕವನ್ನು ಆ ಹೊತ್ತಿನವರೆಗೂ ಯಾರೂ ಗಟ್ಟಿಯಾಗಿ ಓದಿ ಕೇಳಿರುವುದಿಲ್ಲ, ಆಮೇಲೂ ಓದುವುದಿಲ್ಲ. ಹಸ್ತಪ್ರತಿ ಯಾರದೋ ಬೀರುವಿನಲ್ಲಿ ಉಳಿಯುತ್ತದೆ. ಬಹುಮಾನ ಬಾರದವರಿಗಂತೂ ತಮ್ಮದು ತಲುಪಿತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ.

ಯಾವುದೋ ಒಂದು ಸಂಸ್ಥೆಯ ಮೇಲೆ ಬೆರಳು ತೋರಿಸಲು ಈ ಪತ್ರ ಬರೆಯುತ್ತಿಲ್ಲ. ಕೈಯಿಂದ ದುಡ್ಡು ಹಾಕಿ, ಚಂದಾ ಎತ್ತಿ ಸ್ಪರ್ಧೆ ನಡೆಸುವವರ ಕಷ್ಟ ನಮಗೂ ಗೊತ್ತು. ನಮ್ಮ ತಕರಾರು ಕ್ರಮದ ಬಗ್ಗೆ. ನಾಟಕದ ಕೆಲಸ ಶುರುವಾಗಬೇಕಾದ ಜಾಗದಲ್ಲಿ ನೀವು ಸಮಾರೋಪ ಮಾಡುತ್ತಿದ್ದೀರಿ.

ಕಥೆ, ಕವಿತೆಗಾದರೆ ಇದರಿಂದ ಅಷ್ಟು ತೊಂದರೆಯಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದವು. ಕಥೆ ಪುಟದಿಂದ ಪುಟಕ್ಕೇ ಅಷ್ಟು ದೂರ ಹೋಗಬಲ್ಲದು. ಸ್ಕ್ರಿಪ್ಟಿಗೆ ಆ ದಾರಿಯಿಲ್ಲ. ಅದು ಇನ್ನೊಬ್ಬರ ಬಾಯಿಗೆ, ಮೈಗೆ, ಕ್ಯಾಮೆರಾಕ್ಕೆ ಬರೆದದ್ದು. ಮೇಜಿನ ಮೇಲಿಟ್ಟು ಮೌನವಾಗಿ ಓದಿ ಅಂಕ ಹಾಕುವುದೆಂದರೆ ಸಾಮಾನಿನ ಚೀಟಿ ನೋಡಿ ಊಟ ಚೆನ್ನಾಗಿತ್ತು ಎಂದ ಹಾಗೆ.

ಇದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿ ಬಂದಿರುವುದೇ ಸೋಜಿಗ. ಚನ್ನರಾಯಪಟ್ಟಣ, ಅರಸೀಕೆರೆ, ಕಡೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ಕಟ್ಟುವಾಗ ಏನು ಮಾಡುತ್ತಾರೆ? ಪಾತ್ರಕ್ಕಿಷ್ಟು ಎಂದು ದುಡ್ಡು ಹಾಕಿಕೊಳ್ಳುತ್ತಾರೆ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ, ರಾತ್ರಿ ಉಂಡ ಮೇಲೆ ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಕೋಣೆಯಲ್ಲೋ ಎರಡು ಮೂರು ತಿಂಗಳು ತಾಲೀಮು. ದುರ್ಯೋಧನನ ಒಂದು ಪದ್ಯ ಬಾಯಲ್ಲಿ ಕೂರುವವರೆಗೆ ಮೇಷ್ಟ್ರು ಬಿಡುವುದಿಲ್ಲ. ನೋಡುವವರಿಗೆಲ್ಲ ಬಾಯಿಪಾಠವಿರುವ ಕಥೆಗೇ ಇಷ್ಟು ತಾಲೀಮು ಬೇಕು. ಯಾರೂ ಕೇಳಿರದ ಹೊಸ ಕಥೆಗೆ, ಅದೂ ಮೊದಲ ಸಲ ಬರೆದವರ ಕೈಯಿಂದ ಬಂದದ್ದಕ್ಕೆ, ಒಂದು ಓದೂ ಇಲ್ಲದೆ ‘ಪ್ರಥಮ ಬಹುಮಾನ’ ಎಂದು ಹೇಗೆ ಬರೆಯುತ್ತೀರಿ?

ನಮ್ಮ ಮುಖ್ಯ ಬೇಡಿಕೆ ಇದು: ಅಂತಿಮ ಸುತ್ತಿಗೆ ಬಂದ ಐದಾರು ಸ್ಕ್ರಿಪ್ಟ್‌ಗಳಿಗೆ ಮೊದಲು ಒಂದೊಂದು ವಾಚನ, ಅಂದರೆ ಕೇಳುವವರ ಮುಂದೆ ಗಟ್ಟಿಯಾದ ಓದು, ಏರ್ಪಡಿಸಿ. ಅದಾದ ಮೇಲೆ ತಿದ್ದಲು ಮೂರು ವಾರ ಕೊಡಿ. ತೀರ್ಪು ತಿದ್ದಿದ ಪ್ರತಿಯ ಮೇಲೆ ಬರಲಿ.

ವಾಚನ ಎಂದೊಡನೆ ಬರೆದವರನ್ನೇ ಮೈಕಿನ ಮುಂದೆ ನಿಲ್ಲಿಸಬೇಡಿ. ಬರೆದವರು ಓದಿದರೆ ಕಾಗದದಲ್ಲಿ ಇಲ್ಲದ ದನಿ, ನಿಲುಗಡೆ, ಸಿಟ್ಟು ಎಲ್ಲವನ್ನೂ ತಾವೇ ತುಂಬಿಬಿಡುತ್ತಾರೆ. ಎಲ್ಲಿ ತೂತಿದೆಯೋ ಅದು ಕಾಣುವುದಿಲ್ಲ. ಓದುವವರು ಬೇರೆಯವರಾಗಿರಬೇಕು. 40 ನಿಮಿಷದ ನಾಟಕಕ್ಕೆ ಆರು ಜನ ಸಾಕು, ಅದರಲ್ಲಿ ಒಬ್ಬರು ರಂಗಸೂಚನೆಗೆ, ಅಂದರೆ ಬೆಳಕು, ಚಲನೆ ಹೇಳುವ ಸಾಲುಗಳಿಗೆ ಮಾತ್ರ. ಒಬ್ಬರೇ ಎರಡು ಪಾತ್ರ ಓದಬಹುದು. ಆದರೆ ಆ ಎರಡು ಪಾತ್ರಗಳು ಒಂದೇ ದೃಶ್ಯದಲ್ಲಿ ಎದುರುಬದುರು ಮಾತಾಡುವಂತಿರಬಾರದು, ಕೇಳುವವರಿಗೆ ಗಲಿಬಿಲಿಯಾಗುತ್ತದೆ. ಪ್ರತಿಗಳನ್ನು ಎರಡು ದಿನ ಮೊದಲೇ ಕೈಗೆ ಕೊಡಿ. ಅಕ್ಷರದ ಗಾತ್ರ 14 ಇರಲಿ, ಕಾಗದದ ಒಂದೇ ಮಗ್ಗುಲಿಗೆ ಅಚ್ಚಾಗಲಿ, ಪುಟಸಂಖ್ಯೆ ಇರಲಿ. ಪಾತ್ರದ ಹೆಸರು ಪೂರ್ತಿ ಬರೆಸಿ. ‘ಸು’ ಎಂದಷ್ಟೇ ಬರೆದು ಸುಬ್ಬಣ್ಣ ಯಾರು, ಸುಮಿತ್ರ ಯಾರು ಎಂದು ಓದುವವರು ತಡಕಾಡುವುದು ಸಾಮಾನ್ಯ. ಒಂದು ಮಾತು ಪುಟದ ಕೊನೆಯಲ್ಲಿ ಅರ್ಧಕ್ಕೆ ಮುರಿದು ಮುಂದಿನ ಪುಟಕ್ಕೆ ಹೋಗುವುದೂ ಬೇಡ. ಪುಟ ಮಗುಚುವ ನಿಲುಗಡೆಯನ್ನು ಕೇಳುವವರು ನಾಟಕದ ಮೌನ ಎಂದುಕೊಳ್ಳುತ್ತಾರೆ.

ಮೂವತ್ತು ನಲವತ್ತು ಕುರ್ಚಿ ಹಿಡಿಸುವ ಕೋಣೆ ಸಾಕು. ಮೈಕ್ ಬೇಡ. ಫ್ಯಾನು ಸದ್ದು ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ. ನಟನೆ ಬೇಡ, ಅರ್ಥವಾಗುವಂತೆ ಓದಿದರೆ ಆಯಿತು. ಒಬ್ಬರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪ್ರತಿ ದೃಶ್ಯ ಮುಗಿದಾಗ ಹೊತ್ತು ಬರೆದುಕೊಳ್ಳಲಿ. ಇನ್ನೊಬ್ಬರು ಓದುವವರು ಎಲ್ಲಿ ತೊದಲಿದರು ಎಂದು ಗುರುತು ಹಾಕಲಿ. ಒಂದೇ ಸಾಲಿನಲ್ಲಿ ಇಬ್ಬರು ಮೂವರು ತೊದಲಿದರೆ ತಪ್ಪು ನಾಲಿಗೆಯದಲ್ಲ, ಸಾಲಿನದು. ಬರೆದವರು ಹಿಂದಿನ ಸಾಲಿನಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂರಬೇಕು. ಬಾಯಿ ಬಿಡಬಾರದು, ‘ನನ್ನ ಉದ್ದೇಶ ಏನಾಗಿತ್ತೆಂದರೆ’ ಎಂದು ಎದ್ದು ನಿಲ್ಲಬಾರದು. ಉದ್ದೇಶವನ್ನು ನಾಟಕವೇ ಹೇಳದಿದ್ದರೆ ಪ್ರದರ್ಶನದ ದಿನ ಯಾರು ಎದ್ದು ಹೇಳುತ್ತಾರೆ?

ಕೆಡುವುದು ಆಮೇಲಿನ ಚರ್ಚೆಯಲ್ಲಿ. ಕೇಳಿದವರು ತಮ್ಮ ತಮ್ಮ ನಾಟಕ ಬರೆಯಲು ಶುರುಮಾಡುತ್ತಾರೆ: ‘ಕೊನೆಗೆ ಅವಳು ಸಾಯಬೇಕಿತ್ತು’, ‘ಒಂದು ಹಾಡು ಇಡಬಹುದಿತ್ತು’. ನಡೆಸಿಕೊಡುವವರು ಇದನ್ನು ಅಲ್ಲೇ ತಡೆಯಬೇಕು. ಕೇಳಬೇಕಾದ ಪ್ರಶ್ನೆಗಳು ಬೇರೆ. ಎಲ್ಲಿ ನಿಮ್ಮ ಮನಸ್ಸು ಆಚೆ ಹೋಯಿತು? ಇವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದು ಎಷ್ಟು ಹೊತ್ತಿಗೆ ತಿಳಿಯಿತು? ಉತ್ತರಕ್ಕೆ ಅರ್ಧ ಗಂಟೆ ಸಾಕು. ಅಧ್ಯಕ್ಷೀಯ ಭಾಷಣ ದಯವಿಟ್ಟು ಬೇಡ, ಆ ಅರ್ಧ ಗಂಟೆಯಲ್ಲಿ 25 ನಿಮಿಷವನ್ನು ಅದೇ ನುಂಗುತ್ತದೆ.

ಖರ್ಚಿನ ಮಾತು ಬರುತ್ತದೆಂದು ಲೆಕ್ಕವನ್ನೂ ಹಾಕಿಟ್ಟಿದ್ದೇವೆ. 40 ಪುಟದ ಸ್ಕ್ರಿಪ್ಟಿನ ಏಳು ಪ್ರತಿ ಎಂದರೆ 280 ಪುಟ; ಪುಟಕ್ಕೆ 2 ರೂಪಾಯಿಯಂತೆ 560. ನಲವತ್ತು ಜನಕ್ಕೆ ಚಹಾ ತಲಾ 10ರಂತೆ 400. ಓದುವ ಆರು ಜನಕ್ಕೆ ಬಸ್ ಚಾರ್ಜು, ಊಟ ಎಂದು ತಲಾ 300ರಂತೆ 1,800. ಒಂದು ಸ್ಕ್ರಿಪ್ಟಿನ ವಾಚನಕ್ಕೆ ಎಲ್ಲ ಸೇರಿ 2,760 ರೂಪಾಯಿ. ವೇದಿಕೆಯ ಮೇಲಿನ ಅತಿಥಿಗಳಿಗೆಲ್ಲ ಶಾಲು, ಹಣ್ಣಿನ ಬುಟ್ಟಿ ಕೊಡುವ ಖರ್ಚಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಒಂದು ವಾಚನ ಏನು ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳಬೇಕು. ಧಾರಾವಾಹಿ ನೋಡಿ ಬೆಳೆದ ಹೊಸಬರು ಏಕಾಂಕಕ್ಕೆ 12 ದೃಶ್ಯ ಬರೆಯುತ್ತಾರೆ: ಮನೆ, ಆಸ್ಪತ್ರೆ, ಬಸ್ ನಿಲ್ದಾಣ, ಮತ್ತೆ ಮನೆ. ನಡುವೆ 11 ಸಲ ದೀಪ ಆರಬೇಕು. ಏನೂ ಸಾಮಾನು ಸಾಗಿಸದಿದ್ದರೂ ಕತ್ತಲಲ್ಲಿ ನಟರು ಜಾಗ ಬದಲಿಸಲು ಒಂದೊಂದಕ್ಕೆ 20 ಸೆಕೆಂಡು ಹಿಡಿದರೆ ಮೂರು ನಿಮಿಷ 40 ಸೆಕೆಂಡು ಕತ್ತಲೆಯೇ. ಮಂಚ ಎತ್ತಿ ಬೆಂಚು ಇಡಬೇಕಾಗಿ 40 ಸೆಕೆಂಡು ಹಿಡಿದರೆ ಏಳು ನಿಮಿಷ ದಾಟುತ್ತದೆ. ಕಾಗದದ ಮೇಲೆ ಇದು ‘ಬೆಳಕು ಆರುತ್ತದೆ’ ಎಂಬ ಎರಡು ಪದ ಮಾತ್ರ. ವಾಚನದಲ್ಲಿ ರಂಗಸೂಚನೆ ಓದುವವರು ಆ ಜಾಗ ಬಂದಾಗಲೆಲ್ಲ 20 ಸೆಕೆಂಡು ಸುಮ್ಮನೆ ಕೂರಲಿ. ನಾಲ್ಕನೆಯ ಸಲಕ್ಕೆ ಬರೆದವರಿಗೆ ತಾವಾಗಿಯೇ ತಿಳಿಯುತ್ತದೆ. ಹನ್ನೆರಡು ದೃಶ್ಯ ಐದಕ್ಕೆ ಇಳಿಯುವುದು ಹೀಗೆ. ‘ದೃಶ್ಯಗಳು ಹೆಚ್ಚಾದವು’ ಎಂದು ತೀರ್ಪುಗಾರರು ಭಾಷಣದಲ್ಲಿ ಹೇಳಿದರೆ ಇಳಿಯದು.

ಕಿರುಚಿತ್ರದ ಸ್ಕ್ರಿಪ್ಟನ್ನೂ ಇದೇ ರೀತಿ ಓದಿಸಬಹುದು. ಓದುವ ವೇಗ ಮಾತ್ರ ಬೇರೆ. ‘ಅವಳು ಬಾವಿಗೆ ಕೊಡ ಇಳಿಬಿಟ್ಟು ನೀರು ಸೇದಿ ಒಳಗೆ ಬರುತ್ತಾಳೆ’ ಎಂಬ ಒಂದು ಸಾಲು ಪೂರ್ತಿ ತೋರಿಸಿದರೆ ಪರದೆಯ ಮೇಲೆ ಮುಕ್ಕಾಲು ನಿಮಿಷ. ‘ಅವನಿಗೆ ಬಾಲ್ಯ ನೆನಪಾಯಿತು’ ಎಂಬುದನ್ನು ಕ್ಯಾಮೆರಾ ಹಿಡಿಯಲಾರದು. ‘ದಿನಗಳು ಉರುಳಿದವು’ ಎಂಬುದನ್ನು ಯಾರೂ ಚಿತ್ರೀಕರಿಸಲಾರರು. ಓದುವಾಗ ಪ್ರತಿ ಸಾಲಿಗೂ ‘ಇಲ್ಲಿ ಏನು ಕಾಣುತ್ತದೆ?’ ಎಂದು ಒಬ್ಬರು ಕೇಳುತ್ತಾ ಹೋದರೆ ಹತ್ತು ಪುಟದಲ್ಲಿ ಮೂರು ಪುಟ ತಾನೇ ಉದುರುತ್ತದೆ. ಇನ್ನೊಂದು ನಮ್ಮ ಕಡೆಯವರ ವಿಶೇಷ ಕಾಯಿಲೆ ಇದೆ: ಮಲೆನಾಡಿನಲ್ಲಿ ಮಳೆ ಪುಕ್ಕಟೆ ಎಂದುಕೊಂಡು ಪ್ರತಿ ಸ್ಕ್ರಿಪ್ಟಿನಲ್ಲೂ ರಾತ್ರಿಯ ಮಳೆ. ಹಿಂದಿನಿಂದ ಬೆಳಕು ಬೀಳದಿದ್ದರೆ ನಿಜವಾದ ಮಳೆ ಕ್ಯಾಮೆರಾದಲ್ಲಿ ಸರಿಯಾಗಿ ಕಾಣುವುದೇ ಇಲ್ಲ, ಮಾತು ಕೇಳದಂತೆ ಮಾಡುವುದರಲ್ಲಿ ಮಾತ್ರ ಅದು ಹಿಂದೆ ಬೀಳದು. ಕ್ಯಾಮೆರಾ ಹಿಡಿದು ಗೊತ್ತಿರುವ ಒಬ್ಬರನ್ನು ವಾಚನಕ್ಕೆ ಕರೆದರೆ ಇದನ್ನು ಅಲ್ಲೇ ಹೇಳುತ್ತಾರೆ.

ತೀರ್ಪುಗಾರರಿಗೆ ಪ್ರತ್ಯೇಕವಾಗಿ ಒಂದು ಮಾತು. 60 ಸ್ಕ್ರಿಪ್ಟ್ ಬಂದಿವೆ, ಒಂದನ್ನು ಗಮನವಿಟ್ಟು ಓದಲು 40 ನಿಮಿಷ ಬೇಕು ಎಂದಿಟ್ಟುಕೊಳ್ಳಿ. 40 ಗಂಟೆಯ ಕೆಲಸ. ಶನಿವಾರ ಕಟ್ಟು ಕೊಟ್ಟು ಸೋಮವಾರ ಅಂಕ ಕೇಳುವ ಸಂಘಟಕರಿಗೆ ನೀವು ಒಪ್ಪಬಾರದು. ನೀವು ಒಪ್ಪಿದಿರೆಂದರೆ ಮೊದಲ ಎರಡು ಪುಟ ಓದಿ ಮುಚ್ಚಿಟ್ಟಿದ್ದೀರಿ ಎಂದೇ ಬರೆದವರು ತಿಳಿಯುತ್ತಾರೆ, ಮತ್ತು ಬಹಳ ಸಲ ಅವರು ತಿಳಿದದ್ದು ತಪ್ಪಾಗಿರುವುದಿಲ್ಲ. ಅಂಕಪಟ್ಟಿಯಲ್ಲಿ ‘ಭಾಷಾಶುದ್ಧಿ 10’ ಎಂಬ ಕಲಮು ಯಾವ ಕಾಲದಿಂದ ಬಂತೋ ತಿಳಿಯದು. ಹೊಳೆನರಸೀಪುರದ ಕಡೆಯ ಪಾತ್ರ ‘ಬತ್ತೀನಿ ಕಣ್ಲಾ’ ಎನ್ನಬೇಕು, ಕೊಪ್ಪದ ಕಡೆಯದು ‘ಎಂಥದು ಮಾರಾಯ’ ಎನ್ನಬೇಕು. ಕಳಸದಲ್ಲಿ ತುಳು ನುಸುಳಬೇಕು, ಕಾಫಿ ತೋಟದ ಕೂಲಿಯವರ ಲೈನಿನ ಮನೆಯಲ್ಲಿ ತಮಿಳು ಬೆರೆಯಬೇಕು. ಅದಕ್ಕೆ ಅಂಕ ಕಳೆದರೆ ಮುಂದಿನ ವರ್ಷ ಎಲ್ಲ ಪಾತ್ರಗಳೂ ಆಕಾಶವಾಣಿಯ ವಾರ್ತೆ ಓದುತ್ತವೆ. ಆಮೇಲೆ ನೀವೇ ‘ಸಂಭಾಷಣೆ ಸಹಜವಾಗಿಲ್ಲ’ ಎಂದು ಬರೆಯುತ್ತೀರಿ. ಅಂತಿಮ ಸುತ್ತಿಗೆ ಬಂದವರಿಗಾದರೂ ಅರ್ಧ ಪುಟದ ಟಿಪ್ಪಣಿ ಕೊಡಿ. ‘ಉತ್ತಮ ಪ್ರಯತ್ನ’ ಎಂಬುದು ಟಿಪ್ಪಣಿಯಲ್ಲ. ‘ಎರಡನೆಯ ದೃಶ್ಯದಲ್ಲಿ ಅಣ್ಣನಿಗೆ ಸಾಲದ ವಿಷಯ ಮೊದಲೇ ಗೊತ್ತಿತ್ತು, ಹಾಗಾಗಿ ನಾಲ್ಕನೆಯ ದೃಶ್ಯದ ಜಗಳಕ್ಕೆ ಬಲವಿಲ್ಲ’ ಎಂಬುದು ಟಿಪ್ಪಣಿ.

ನಿಯಮಗಳ ಹಾಳೆಯಲ್ಲೂ ತೊಡಕುಗಳಿವೆ. ಪ್ರಕಟಣೆ ಹೊರಟ ಎಂಟು ಹತ್ತು ದಿನಕ್ಕೆ ಕೊನೆಯ ದಿನಾಂಕ ಇಡುತ್ತೀರಿ. ಹತ್ತು ದಿನದಲ್ಲಿ ಬರುವುದು ಹಳೆಯ ಕಡತದಲ್ಲಿದ್ದ ನಾಟಕ, ಹೊಸದಲ್ಲ. 60 ದಿನ ಬೇಕು. ‘ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ’ ಎಂದು ಕೇಳುತ್ತೀರಿ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದ ಕಡತ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಪರಿವರ್ತಿಸಲು ಹೋದರೆ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದುಂಟು. ಬರೆಯುವವರಲ್ಲಿ ಹೆಚ್ಚಿನವರು ಟೈಪ್ ಮಾಡುವುದು ಮೊಬೈಲಿನ ಯೂನಿಕೋಡ್ ಕೀಲಿಮಣೆಯಲ್ಲಿ. ಯೂನಿಕೋಡಿನಲ್ಲಿ ಕಡತ, ಜೊತೆಗೆ ಅದರ ಪಿಡಿಎಫ್ ಎಂದು ಕೇಳಿದರೆ ಮುಗಿಯಿತು. ಕೈಬರಹದ್ದನ್ನೂ ತೆಗೆದುಕೊಳ್ಳಿ. ‘ಐದು ಪ್ರತಿ ಅಂಚೆಯಲ್ಲಿ’ ಎಂಬುದನ್ನು ಬಿಡಿ, ತೀರ್ಪುಗಾರರ ಪ್ರತಿ ತೆಗೆಸುವುದು ಸಂಘಟಕರ ಕೆಲಸ.

ಹಾಗೆಯೇ ‘ಒಂದು ಪುಟಕ್ಕೆ ಒಂದು ನಿಮಿಷ’ ಎಂಬ ಅಳತೆ. ಅದು ಟೈಪ್‌ರೈಟರ್ ಅಕ್ಷರದ ಇಂಗ್ಲಿಷ್ ಚಿತ್ರಕಥೆಯ ಪುಟಕ್ಕೆ ಹುಟ್ಟಿದ ಅಂದಾಜು. ಕನ್ನಡದಲ್ಲಿ ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು, ಪದ ಉದ್ದ, ಸಾಲಿನ ಅಂತರ ಒಬ್ಬೊಬ್ಬರದು ಒಂದೊಂದು. ಪುಟ ಎಣಿಸಿ ಸ್ಕ್ರಿಪ್ಟನ್ನು ಹೊರಗಿಡಬೇಡಿ. ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿ.

ಹಕ್ಕಿನ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. ‘ಸ್ಪರ್ಧೆಗೆ ಬಂದ ಕೃತಿಗಳ ಸಂಪೂರ್ಣ ಹಕ್ಕು ಸಂಘಟಕರದ್ದು’ ಎಂಬ ಸಾಲನ್ನು ಕಣ್ಣುಮುಚ್ಚಿ ಒಂದು ಪ್ರಕಟಣೆಯಿಂದ ಇನ್ನೊಂದಕ್ಕೆ ನಕಲು ಮಾಡಲಾಗುತ್ತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಹಕ್ಕು ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಸಂಭಾವನೆ ಎಂಬುದು ಅದರಲ್ಲಿರಬೇಕು. ಸಹಿ ಹಾಕಿಸಿಕೊಂಡ ಪತ್ರದಲ್ಲಿ ಕಾಲ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಪ್ರಕಟಣೆಯ ಅಡಿಯ ಒಂದು ಸಾಲು ಈ ಕೆಲಸ ಮಾಡಲಾರದು, ಹೊಸಬರನ್ನು ಹೆದರಿಸುವುದಷ್ಟನ್ನೇ ಮಾಡುತ್ತದೆ. ನಿಮಗೆ ನಿಜಕ್ಕೂ ಬೇಕಾಗಿರುವುದು ಇಷ್ಟು: ವಾಚನಕ್ಕೆ ಅನುಮತಿ, ಮತ್ತು ಬಹುಮಾನ ಬಂದರೆ ಒಂದು ವರ್ಷದೊಳಗೆ ಒಂದು ಪ್ರದರ್ಶನಕ್ಕೆ ಅನುಮತಿ. ಅಷ್ಟನ್ನೇ ಕೇಳಿ ಸಹಿ ಪಡೆಯಿರಿ.

ಕಿರುಚಿತ್ರ ಸ್ಪರ್ಧೆಗಳವರು ಮೊದಲ ಸುತ್ತಿಗೆ ‘ಒಂದು ಪುಟದ ಕಥಾಸಾರ’ ಕೇಳುತ್ತಾರೆ. ಇದು ಬರೆದವರಿಗೆ ಅತ್ಯಂತ ಅಪಾಯದ ಕ್ರಮ. ಒಂದು ನಾಟಕಕ್ಕೂ ಒಂದು ಹಿಂದಿ ಸಿನಿಮಾಕ್ಕೂ ನಡೆದ ವ್ಯಾಜ್ಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಬರಿಯ ಕಲ್ಪನೆಗೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ. ಅದನ್ನು ಬರೆದಿರುವ ರೀತಿಗೆ, ವಿವರಕ್ಕೆ ಇದೆ. ಅಂದರೆ ಕಥಾಸಾರದಲ್ಲಿ ಬರೆದವರು ನಿಮ್ಮ ಕೈಗಿಡುವುದು ಕಾನೂನಿನ ರಕ್ಷಣೆ ಅತಿ ಕಡಿಮೆ ಇರುವ ಭಾಗವನ್ನೇ. ನಾಳೆ ಅದೇ ಎಳೆಯ ಮೇಲೆ ಇನ್ನೊಬ್ಬರ ಚಿತ್ರ ಬಂದರೆ ಯಾರನ್ನೂ ಕೇಳುವಂತಿಲ್ಲ. ಕಥಾಸಾರದ ಬದಲು ಪೂರ್ತಿ ಸ್ಕ್ರಿಪ್ಟ್ ತೆಗೆದುಕೊಳ್ಳಿ. ಶೀರ್ಷಿಕೆ, ಪುಟಗಳ ಸಂಖ್ಯೆ, ದಿನಾಂಕ ನಮೂದಿಸಿ ಸ್ವೀಕೃತಿ ಕೊಡಿ. ಯಾರು ಯಾರು ಓದುತ್ತಾರೆ ಎಂಬುದನ್ನು ತಿಳಿಸಿ. ಬರೆಯುವವರಿಗೂ ಹೇಳುವುದಿದೆ: ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ಆದರೂ ಕಳಿಸುವ ಮುನ್ನ ಆ ಪಿಡಿಎಫನ್ನು ನಿಮ್ಮದೇ ಇಮೇಲಿಗೆ ಒಮ್ಮೆ ಕಳಿಸಿಕೊಂಡರೆ ದಿನಾಂಕವಾದರೂ ಉಳಿಯುತ್ತದೆ.

ಇನ್ನು ಹೆಸರು. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ನಾಟಕ ಆಡಿದರೆ ಅನುಮತಿ ಬೇಡ ಎಂಬ ವಿನಾಯಿತಿ ಕಾಯ್ದೆಯ ಸೆಕ್ಷನ್ 52ರಲ್ಲಿದೆ, ನಿಜ. ತನ್ನ ಕೃತಿ ಎಂದು ಹೇಳಿಸಿಕೊಳ್ಳುವ ಹಕ್ಕು ಸೆಕ್ಷನ್ 57ರಲ್ಲಿದೆ, ಆ ವಿನಾಯಿತಿಯಿಂದ ಇದು ಹೋಗುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ, ಶಾಮಿಯಾನದವರ ಹೆಸರು ಸಹ ಇದ್ದು, ನಾಟಕ ಬರೆದವರ ಹೆಸರು ಇಲ್ಲದ ಪತ್ರಿಕೆಗಳನ್ನು ಎರಡೂ ಜಿಲ್ಲೆಗಳಲ್ಲಿ ನೋಡಿದ್ದೇವೆ. ‘ರಚನೆ’ ಎಂಬುದು ‘ನಿರ್ದೇಶನ’ದ ಮೇಲೆ, ಅದೇ ಗಾತ್ರದ ಅಕ್ಷರದಲ್ಲಿ ಬರಲಿ.

ಬಹುಮಾನಿತ ನಾಟಕವನ್ನು ಆಡಿಸುವುದಾದರೆ ಎಲ್ಲಿ ಎಂಬುದನ್ನೂ ಯೋಚಿಸಿ. ತಾಲ್ಲೂಕು ಕೇಂದ್ರಗಳ ಬಹುಪಾಲು ಸಭಾಂಗಣಗಳು ಮದುವೆಗೆ, ಸಭೆಗೆ ಕಟ್ಟಿದವು. ವೇದಿಕೆಗೆ ನುಣುಪು ಟೈಲ್ಸು, ಹೆಜ್ಜೆಯಿಟ್ಟರೆ ಟಪ್ ಎನ್ನುತ್ತದೆ. ಗೋಡೆಯಲ್ಲಿರುವುದು 15 ಆಂಪಿಯರಿನ ಒಂದು ಸಾಕೆಟ್ಟು. 230 ವೋಲ್ಟಿನಲ್ಲಿ ಅದು ಹೊರುವುದು 3,450 ವಾಟ್. 1,000 ವಾಟಿನ ದೀಪ ಮೂರಕ್ಕಿಂತ ಹೆಚ್ಚು ಹಾಕಿದರೆ ಮಿತಿ ಮೀರಿ ಫ್ಯೂಸ್ ಹೋಗಬಹುದು. ಆರು ದೀಪಕ್ಕೆ 26 ಆಂಪಿಯರ್ ಬೇಕು, ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ತಂತಿ ಎಳೆಸಬೇಕು. ಎಲೆಕ್ಟ್ರಿಷಿಯನ್ನರಿಗೆ ಇದನ್ನು ಹಿಂದಿನ ದಿನವೇ ಹೇಳಬೇಕೇ ಹೊರತು ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿದ ಮೇಲಲ್ಲ. ವೇದಿಕೆಯ ಮುಂದೆ ಮೂರು ಸ್ಟ್ಯಾಂಡ್ ಮೈಕ್ ಇಟ್ಟರೆ ನಟರೆಲ್ಲ ಅದರ ಮುಂದೆ ಸಾಲಾಗಿ ನಿಲ್ಲುತ್ತಾರೆ. ಪಿಸುಮಾತು, ಬೆನ್ನು ತಿರುಗಿಸಿ ಆಡುವ ಮಾತು, ಮೌನ ಇವೆಲ್ಲ ಸತ್ತವು. ಪೌರಾಣಿಕದ ಏರುದನಿ ಇದನ್ನು ತಾಳಿಕೊಳ್ಳುತ್ತದೆ, ಅಡುಗೆಮನೆಯಲ್ಲಿ ಇಬ್ಬರು ಕೂತು ಮಾತಾಡುವ ಹೊಸ ನಾಟಕ ತಾಳಿಕೊಳ್ಳುವುದಿಲ್ಲ. 150 ಜನ ಕೂರುವ ಶಾಲೆಯ ಹಾಲು ಅದಕ್ಕೆ 800 ಕುರ್ಚಿಯ ಭವನಕ್ಕಿಂತ ಮೇಲು.

ತಿಂಗಳನ್ನೂ ನೋಡಿ. ರಾಜ್ಯೋತ್ಸವದ ನೆಪದಲ್ಲಿ ನವೆಂಬರಿನಿಂದಾಚೆ ಎಲ್ಲ ಸ್ಪರ್ಧೆಗಳೂ ಮುತ್ತಿಕೊಳ್ಳುತ್ತವೆ. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಆಗ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ, ಫೆಬ್ರವರಿವರೆಗೂ ಯಾರಿಗೂ ಪುರಸೊತ್ತಿಲ್ಲ. ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಮನೆಯಲ್ಲಿ ಕೂತು ಬರೆಯುವುದಕ್ಕೆ ಬೇಕಾದಷ್ಟು ಹೊತ್ತು, ಕರೆಂಟು ಇಲ್ಲದಿದ್ದರೂ ಕಾಗದ ಇದೆ. ಜೂನ್ ಆರಂಭಕ್ಕೆ ಪ್ರಕಟಣೆ, ಆಗಸ್ಟಿಗೆ ಕೊನೆಯ ದಿನ, ಸೆಪ್ಟೆಂಬರ್ ಕೊನೆಗೆ ವಾಚನ, ಅಕ್ಟೋಬರಿನಲ್ಲಿ ತಿದ್ದಿದ ಪ್ರತಿ. ಪ್ರದರ್ಶನ ಕೊಯ್ಲು ಮುಗಿದ ಮೇಲೆ, ಬಯಲುಸೀಮೆಯಲ್ಲಿ ಜಾತ್ರೆಗಳ ಹೊತ್ತಿಗೆ. ತಗಡಿನ ಮಾಡಿನ ಭವನದಲ್ಲಿ ಮಾತ್ರ ಮಳೆಗಾಲದ ವಾಚನ ಇಡಬೇಡಿ, ಒಂದು ಅಕ್ಷರವೂ ಕೇಳುವುದಿಲ್ಲ.

ಇಷ್ಟನ್ನೂ ಒಂದೇ ವರ್ಷದಲ್ಲಿ ಮಾಡಿ ಎಂದು ಹಟ ಹಿಡಿಯುತ್ತಿಲ್ಲ. ನಿಮ್ಮ ಮುಂದಿನ ಪ್ರಕಟಣೆಯಲ್ಲಿ ಬಹುಮಾನದ ಮೊತ್ತದ ಮೇಲಿನ ಸಾಲಿನಲ್ಲಿ ವಾಚನದ ದಿನಾಂಕ, ಸ್ಥಳ ಅಚ್ಚಾಗಲಿ. ಹಕ್ಕಿನ ಆ ಸಾಲನ್ನು ತೆಗೆಯಿರಿ. ಓದುವವರು ಸಿಗದಿದ್ದರೆ ತಿಳಿಸಿ: ಹಾಸನ, ಬೇಲೂರು, ಚಿಕ್ಕಮಗಳೂರಿನ ಆಸುಪಾಸಿನಲ್ಲಿ ಎಲ್ಲಿಗಾದರೂ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆರು ಜನ ಬಂದು ಕೂರುತ್ತೇವೆ. ಬಸ್ ಚಾರ್ಜು ನಮ್ಮದೇ. ಪ್ರತಿಗಳು ಮಾತ್ರ ಶುಕ್ರವಾರಕ್ಕೆ ಮುಂಚೆ ಕೈಸೇರಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ನಾಟಕ, ಕಿರುಚಿತ್ರಗಳನ್ನು ಬರೆಯುವ, ಓದುವ, ಆಡಿಸುವ ಕೆಲವರು,
ಹಾಸನ